ನಿಂತಲ್ಲೇ ಬರಿದಾಗುವ ಹೊಸ ಕಾರು

ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರುವುದಿಲ್ಲ. ಪೂಜೆಯ ದಿನ ಬಾನೆಟ್ ಮೇಲೆ ಬರೆದ ಕುಂಕುಮದ ಸ್ವಸ್ತಿಕದ ಗುರುತು ಪೂರ್ತಿ ಹೋಗಿರುವುದಿಲ್ಲ. ಬ್ಯಾಂಕಿಗೆ ಕಟ್ಟಿದ ಕಂತುಗಳನ್ನು ಬೆರಳಲ್ಲೇ ಎಣಿಸಬಹುದು. ಅಂಥ ಕಾರು ಒಂದು ಬೆಳಿಗ್ಗೆ ರಿಮೋಟ್ ಒತ್ತಿದರೆ ಬಾಗಿಲನ್ನೇ ತೆಗೆಯುವುದಿಲ್ಲ. ಹೇಗೋ ತೆಗೆದು ಕೂತು ಸ್ಟಾರ್ಟ್ ಗುಂಡಿ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಿಣುಕುತ್ತವೆ, ಎಂಜಿನ್ ಕಡೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ, ಆಮೇಲೆ ಅದೂ ಇಲ್ಲ.

ಐದಾರು ವರ್ಷ ಓಡಿದ ಕಾರಿಗೆ ಹೀಗಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ಯಾಟರಿಗೆ ವಯಸ್ಸಾಯಿತು ಅಂದುಕೊಂಡು ಅಂಗಡಿಗೆ ಫೋನ್ ಮಾಡಿ, ಹಳೆಯದನ್ನು ಕೊಟ್ಟು ಹೊಸದು ಹಾಕಿಸುತ್ತಾರೆ. ಹೊಸ ಕಾರಿಗಾದರೆ ಮನೆಯಲ್ಲಿ ಬೇರೆಯದೇ ಸಂಕಟ. ಯಾರದೋ ದೃಷ್ಟಿ ತಾಗಿತು ಎನ್ನುವವರಿದ್ದಾರೆ, ಆ ಕಂಪನಿಯ ಗಾಡಿ ಬೇಡ ಅಂತ ನಾನು ಆಗಲೇ ಹೇಳಿದ್ದೆ ಎನ್ನುವವರೂ ಇದ್ದಾರೆ. ಶೋರೂಮಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮೊದಲ ಮಾತು ಹೆಚ್ಚುಕಮ್ಮಿ ಎಲ್ಲ ಊರಲ್ಲೂ ಒಂದೇ: "ಲೈಟ್ ಏನಾದ್ರೂ ಆನ್ ಬಿಟ್ಟಿದ್ರಾ ಸರ್?"

ಈ ಪ್ರಶ್ನೆಯ ಬಗ್ಗೆ ನನಗೆ ತಕರಾರಿದೆ. ಈಗಿನ ಕಾರುಗಳಲ್ಲಿ ಹೆಡ್‌ಲೈಟ್ ಮರೆತು ಇಳಿದರೆ ಬಹುಪಾಲು ಕಾರುಗಳು ಕೂಗಿ ಎಚ್ಚರಿಸುತ್ತವೆ, ಇಲ್ಲವೇ ತಾವೇ ಆರಿಸಿಕೊಳ್ಳುತ್ತವೆ. ಅದು ಗೊತ್ತಿದ್ದೂ ಕೇಳುವ ಈ ಪ್ರಶ್ನೆಯಿಂದ ತಪ್ಪು ಮೊದಲೇ ಮಾಲೀಕರ ತಲೆಗೆ ಬೀಳುತ್ತದೆ. ಆಮೇಲೆ ಒಬ್ಬ ಹುಡುಗ ಬಂದು ಕೇಬಲ್ ಹಾಕಿ ಜಂಪ್ ಮಾಡುತ್ತಾನೆ, ಗಾಡಿ ಸ್ಟಾರ್ಟ್ ಆಗುತ್ತದೆ, "ಅರ್ಧ ಗಂಟೆ ಓಡಿಸಿ, ಸರಿ ಹೋಗುತ್ತೆ" ಅಂತ ಹೇಳಿ ಹೋಗುತ್ತಾನೆ. ಬ್ಯಾಟರಿ ಯಾಕೆ ಇಳಿಯಿತು ಎಂದು ಯಾರೂ ಅಳೆದು ನೋಡಿರುವುದಿಲ್ಲ. ಹೊಸ ಕಾರಿನ ಬ್ಯಾಟರಿ ಸುಮ್ಮನೆ ಸಾಯುವುದಿಲ್ಲ. ಅದಕ್ಕೆ ಮೀಟರಿನಲ್ಲಿ ಕಾಣುವ ಕಾರಣ ಇದ್ದೇ ಇರುತ್ತದೆ. ಅದನ್ನು ಅಳೆದು ತೋರಿಸಿ ಎಂದು ಕೇಳುವುದು ದುಡ್ಡು ಕೊಟ್ಟವರ ಹಕ್ಕು.

ಎರಡು ಸೆಕೆಂಡಿನ ಕೆಲಸ

ಕಾರಿನ ಬ್ಯಾಟರಿ ಹಳೆಯ ಕಾಲದ ವಸ್ತು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಮೊದಲ ಬ್ಯಾಟರಿ ಮಾಡಿದ. ಇವತ್ತು ನಮ್ಮ ಬಾನೆಟ್ ಕೆಳಗೆ ಕೂತಿರುವುದು ಅದೇ ರಸಾಯನ. ಆರು ಕೋಶಗಳು, ಒಂದೊಂದರಲ್ಲಿ ಎರಡು ವೋಲ್ಟಿಗೆ ತುಸು ಹೆಚ್ಚು. ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. 12ಕ್ಕೆ ಇಳಿದರೆ ಉಳಿದಿರುವುದು ಕಾಲು ಭಾಗ. 12 ವೋಲ್ಟಿನ ಬ್ಯಾಟರಿ 12 ತೋರಿಸಿದರೆ ಸರಿಯಾಗಿದೆ ಎಂದು ತಿಳಿದವರು ಗ್ಯಾರೇಜುಗಳಲ್ಲೂ ಇದ್ದಾರೆ. ಈ ಕೆಲವು ಅಂಕಿಗಳು ನೆನಪಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಎಂಜಿನ್ ತಿರುಗಿಸುವ ಕೆಲಸಕ್ಕೆ ಬ್ಯಾಟರಿ ಬಂದದ್ದು 20ನೇ ಶತಮಾನದಲ್ಲಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು 1912ರ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದರು. ಅದಕ್ಕೂ ಮೊದಲು ಮುಂದೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಮ್ಮುಖವಾಗಿ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ನಮ್ಮ ಅಂಬಾಸಿಡರ್ ಡಿಕ್ಕಿಯಲ್ಲೂ ಹ್ಯಾಂಡಲ್ ಬಹಳ ವರ್ಷ ಇತ್ತು, ಬ್ಯಾಟರಿ ಕೈಕೊಟ್ಟ ದಿನ ಅದೇ ಗತಿ.

ಸೆಲ್ಫ್ ಹೊಡೆಯುವ ಆ ಎರಡು ಸೆಕೆಂಡಿನಲ್ಲಿ ಸ್ಟಾರ್ಟರ್ ಮೋಟರ್ 200 ಆಂಪಿಯರ್ ಎಳೆಯಿತು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಖರ್ಚಾಗುವುದು 0.11 ಆಂಪಿಯರ್-ಅವರ್ ಮಾತ್ರ. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಇದು ಗಣನೆಗೆ ಬಾರದ ಮೊತ್ತ. ಕಾರು ಸ್ಟಾರ್ಟ್ ಮಾಡುವುದರಿಂದ ಬ್ಯಾಟರಿ ಇಳಿಯುವುದಿಲ್ಲ. ಅದು ಬರಿದಾಗುವುದು ಕಾರು ನಿಂತಿರುವಾಗ.

ಮಲಗದ ಕಾರು

ಮಾರುತಿ 800ಕ್ಕೆ ಕೀ ತೆಗೆದು ಬಾಗಿಲು ಹಾಕಿದರೆ ಆಮೇಲೆ ಒಳಗೆ ಕೆಲಸ ಮಾಡುವಂಥದ್ದು ಏನೂ ಇರುತ್ತಿರಲಿಲ್ಲ ಎಂದೇ ಹೇಳಬಹುದು. ಇವತ್ತಿನ ಹದಿನೈದು ಲಕ್ಷದ ಕಾರು ಬೀಗ ಹಾಕಿಕೊಂಡು ನಿಂತಾಗಲೂ ಕೀ ಹತ್ತಿರ ಬಂತೇ ಎಂದು ಕಾಯುತ್ತಿರುತ್ತದೆ. ಕಳ್ಳರ ಅಲಾರಂ ಎಚ್ಚರವಾಗಿರುತ್ತದೆ. ಒಳಗಿನ ಸಿಮ್ ಕಾರ್ಡ್ ಮೊಬೈಲ್ ಆ್ಯಪಿಗೆ ಕಾರು ಎಲ್ಲಿದೆ, ಬಾಗಿಲು ಹಾಕಿದೆಯೇ ಎಂದು ಹೇಳಲು ತಯಾರಾಗಿ ಕೂತಿರುತ್ತದೆ. ಗಡಿಯಾರ, ಸೀಟಿನ ನೆನಪು, ಎಂಜಿನ್ ಕಂಪ್ಯೂಟರಿನ ನೆನಪು ಎಲ್ಲಕ್ಕೂ ಚೂರು ಚೂರು ವಿದ್ಯುತ್ ಬೇಕು. ಒಂದೊಂದೂ ಅತ್ಯಲ್ಪವೇ. ಆದರೆ ಸೋರುವ ನಲ್ಲಿಯ ಕೆಳಗೆ ರಾತ್ರಿಯಿಡೀ ಬಕೆಟ್ ಇಟ್ಟವರಿಗೆ ಹನಿಯ ಶಕ್ತಿ ಗೊತ್ತು.

ನಿಂತ ಕಾರು 30 ಮಿಲಿಆಂಪಿಯರ್ ಎಳೆಯುವುದು ಸಹಜ. 50ರ ತನಕ ಇದ್ದರೂ ದೋಷ ಎನ್ನುವುದಿಲ್ಲ. 30 ಅಂದರೆ ದಿನಕ್ಕೆ 0.72 ಆಂಪಿಯರ್-ಅವರ್. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಇರುವ ಈಗಿನ ಅನೇಕ ಕಾರುಗಳು ಬ್ಯಾಟರಿಯನ್ನು ಉದ್ದೇಶಪೂರ್ವಕವಾಗಿಯೇ ಪೂರ್ತಿ ತುಂಬಿಸುವುದಿಲ್ಲ. ಬ್ರೇಕ್ ಹಿಡಿದಾಗ, ಆಕ್ಸಿಲರೇಟರ್ ಬಿಟ್ಟಾಗ ಸಿಗುವ ಪುಕ್ಕಟೆ ಶಕ್ತಿಯನ್ನು ತುಂಬಿಸಿಕೊಳ್ಳಲು ಜಾಗ ಇರಲಿ ಎಂದು ನೂರಕ್ಕೆ ಎಂಬತ್ತರ ಸುಮಾರಿಗೆ ನಿಲ್ಲಿಸುತ್ತವೆ. ಇಂಧನ ಉಳಿತಾಯಕ್ಕೆ ಮಾಡಿದ ಏರ್ಪಾಡು ಅದು. ಹಾಗಾಗಿ 35ರ ಬ್ಯಾಟರಿಯಲ್ಲಿ ಕಾರು ನಿಲ್ಲಿಸಿದ ಹೊತ್ತಿಗೆ ಇರುವುದೇ 28. ಅದರಲ್ಲಿ 14 ಖರ್ಚಾದರೆ ಸೆಲ್ಫ್ ಹೊಡೆಯುವ ಕಸುವು ಅನುಮಾನ. ದಿನಕ್ಕೆ 0.72ರಂತೆ ಮೂರು ವಾರ ತುಂಬುವ ಮೊದಲೇ ಆ ಗಡಿ ಬರುತ್ತದೆ. 50 ಮಿಲಿಆಂಪಿಯರ್ ಎಳೆಯುವ ಕಾರಿಗೆ ಹನ್ನೆರಡು ದಿನ ಸಾಕು. ಇದು ಯಾವ ದೋಷವೂ ಇಲ್ಲದ ಕಾರಿನ ಲೆಕ್ಕ.

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವ ದಂಪತಿಗಳು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಅವರ ಕಾರಿಗೆ ಏನಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಇದನ್ನು ಎಲ್ಲರೂ ಒಟ್ಟಿಗೆ ಅನುಭವಿಸಿದರು. ಲಾಕ್‌ಡೌನ್ ಸಡಿಲವಾದ ಮೇಲೆ ಬೇಸ್‌ಮೆಂಟಿಗೆ ಇಳಿದವರಿಗೆ ಸಾಲು ಸಾಲು ಕಾರುಗಳು ಮೌನವಾಗಿ ಸಿಕ್ಕವು. ಬ್ಯಾಟರಿ ಅಂಗಡಿಯವರಿಗೆ ಆ ದಿನಗಳಲ್ಲಿ ಪುರುಸೊತ್ತಿರಲಿಲ್ಲ.

ದಿನಾ ಓಡಿಸುವವರೂ ಪಾರಾಗುವುದಿಲ್ಲ. ಮನೆಯಿಂದ ಶಾಲೆಗೆ, ಶಾಲೆಯಿಂದ ತರಕಾರಿ ಅಂಗಡಿಗೆ ಎರಡು ಕಿಲೋಮೀಟರ್, ಅದರಲ್ಲಿ ಅರ್ಧ ಹೊತ್ತು ಸಿಗ್ನಲ್ಲಿನಲ್ಲಿ, ಎ.ಸಿ. ಓಡುತ್ತಾ. ಎಂಜಿನ್ ಐಡಲಿನಲ್ಲಿದ್ದಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಕೊಡುವುದೂ ಕಡಿಮೆ. ಹೀಗೆ ಓಡಿದ ಕಾರಿಗೆ ಹೋದಷ್ಟು ತುಂಬಿಬರುವುದಿಲ್ಲ. ಇನ್ನು ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗೆ ಎಷ್ಟಿರಬಹುದು ಯೋಚಿಸಿ. ಚಳಿಗೆ ಬ್ಯಾಟರಿ ಸಾಯುತ್ತದೆ ಎಂಬ ಮಾತು ಶೀತದೇಶಗಳಿಂದ ಬಂದದ್ದು. ನಮ್ಮಲ್ಲಿ ಅದರ ಆಯಸ್ಸು ತಿನ್ನುವುದು ಬಿಸಿಲು.

ತಪ್ಪು ಕಾರಿನದೋ ಮಾಲೀಕರದೋ ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೂ ಹತ್ತಿದೆ. 2020ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸುಬಾರು ಕಂಪನಿಯ ಔಟ್‌ಬ್ಯಾಕ್, ಫಾರೆಸ್ಟರ್ ಮುಂತಾದ ಕಾರುಗಳ ಮಾಲೀಕರು ಒಟ್ಟುಗೂಡಿ ಮೊಕದ್ದಮೆ ಹೂಡಿದರು: ಕಾರಿನ ವಿದ್ಯುತ್ ವ್ಯವಸ್ಥೆಯೇ ಬ್ಯಾಟರಿಯನ್ನು ಅಕಾಲದಲ್ಲಿ ಬರಿದು ಮಾಡುತ್ತಿದೆ ಎಂದು. ಕಂಪನಿ ತನ್ನ ತಪ್ಪು ಒಪ್ಪಿಕೊಳ್ಳದೆಯೇ ರಾಜಿಗೆ ಬಂತು, ವಾರಂಟಿ ವಿಸ್ತರಿಸಿತು, ಖರ್ಚು ಮಾಡಿದವರಿಗೆ ಮರುಪಾವತಿಯ ದಾರಿ ಮಾಡಿತು. ಅಷ್ಟು ಜನ ಮಾಲೀಕರು "ಲೈಟ್ ಬಿಟ್ಟಿದ್ದೆನೇನೋ" ಎಂದು ಸುಮ್ಮನಾಗಿದ್ದರೆ ಅದು ಆಗುತ್ತಿರಲಿಲ್ಲ.

ಆಷಾಢದ ಕಾರು

ನಮ್ಮಲ್ಲಿ ಇನ್ನೊಂದು ವಿಶೇಷ ಇದೆ. ಆಷಾಢದಲ್ಲಿ ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ. ಪಿತೃಪಕ್ಷದಲ್ಲೂ ಇಲ್ಲ, ಧನುರ್ಮಾಸದಲ್ಲೂ ಬಹಳ ಮಂದಿ ಹಿಂದೆಮುಂದೆ ನೋಡುತ್ತಾರೆ. ಎಲ್ಲರಿಗೂ ಶ್ರಾವಣದ ಶುಕ್ರವಾರ, ಗಣೇಶನ ಹಬ್ಬ, ವಿಜಯದಶಮಿಯ ದಿನವೇ ಬೇಕು. ಕಾರ್ಖಾನೆ ಮಾತ್ರ ಪಂಚಾಂಗ ನೋಡಿ ನಿಲ್ಲುವುದಿಲ್ಲ. ಊರ ಹೊರಗಿನ ಸ್ಟಾಕ್‌ಯಾರ್ಡುಗಳಲ್ಲಿ ಬಯಲು ಬಿಸಿಲಿಗೆ, ಮಳೆಗೆ ಕಾರುಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲುತ್ತವೆ. ಡಿಸೆಂಬರ್ ರಿಯಾಯಿತಿ ಎಂದು ಮಾರುವ ಕಾರುಗಳದ್ದೂ ಹೆಚ್ಚಾಗಿ ಇದೇ ಕಥೆ. ಆಗಾಗ ಚಾರ್ಜ್ ಮಾಡಬೇಕು ಎಂಬ ನಿಯಮ ಕಂಪನಿಗಳ ಕೈಪಿಡಿಯಲ್ಲಿರುತ್ತದೆ. ಯಾರ್ಡಿನಲ್ಲಿ ನಡೆಯುವುದು ಬೇರೆ: ಗಾಡಿ ಸ್ಟಾರ್ಟ್ ಆಗದಿದ್ದರೆ ಜಂಪ್ ಮಾಡಿ, ಹತ್ತು ಮಾರು ಸರಿಸಿ, ಮತ್ತೆ ಆಫ್ ಮಾಡುತ್ತಾರೆ.

ಶೋರೂಮಿನೊಳಗೆ ನಿಂತ ಪ್ರದರ್ಶನದ ಕಾರಿನ ಪಾಡು ಇನ್ನೂ ಕಷ್ಟ. ಬಾಗಿಲು ತೆರೆದಾಗೆಲ್ಲ ಒಳಗಿನ ಕಂಪ್ಯೂಟರುಗಳು ಎದ್ದು ಕೆಲವು ನಿಮಿಷ ಆಂಪಿಯರ್‌ಗಟ್ಟಲೆ ಎಳೆಯುತ್ತವೆ. ಬಂದವರೆಲ್ಲ ಸ್ಕ್ರೀನ್ ಹಚ್ಚುತ್ತಾರೆ, ಹಾಡು ಕೇಳುತ್ತಾರೆ, ಸನ್‌ರೂಫ್ ತೆಗೆದು ಹಾಕುತ್ತಾರೆ, ಎಂಜಿನ್ ಮಾತ್ರ ಇಡೀ ದಿನ ಶುರುವಾಗುವುದಿಲ್ಲ.

ಬ್ಯಾಟರಿ ಇಳಿದರೆ ತುಂಬಿಸಿದರಾಯಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ಸೀಸದ ಬ್ಯಾಟರಿ ಬರಿದಾದಾಗ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಮತ್ತೆ ಕರಗಿ ಆಮ್ಲಕ್ಕೆ ಸೇರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳುಗಟ್ಟುತ್ತದೆ. ಹರಳಾದ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. 35ರ ಬ್ಯಾಟರಿ ಒಳಗಿಂದೊಳಗೆ 25ರದ್ದೋ 20ರದ್ದೋ ಆಗಿರುತ್ತದೆ, ಹೊರಗಿನ ಲೇಬಲ್ ಮಾತ್ರ ಹೊಳೆಯುತ್ತಿರುತ್ತದೆ. ಹೂವಿನ ಹಾರ ಹಾಕಿಸಿಕೊಂಡು ನಿಮ್ಮ ಮನೆಗೆ ಬರುವ ಹೊಸ ಕಾರಿನಲ್ಲಿ ಆಗಲೇ ಮುದಿಯಾದ ಬ್ಯಾಟರಿ ಇರಲು ಸಾಧ್ಯ. ಇದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಸಂಗತಿ, ಏಕೆಂದರೆ ಇದನ್ನು ತಪ್ಪಿಸಲು ಬೇಕಾದದ್ದು ಒಂದು ಚಾರ್ಜರ್, ಒಂದು ರಾತ್ರಿ.

ಕುವೆಂಪುನಗರದಲ್ಲಿ ಒಂದು ಬೆಳಿಗ್ಗೆ

ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಕಾರಿಗೆ ವರ್ಷ ತುಂಬಿರಲಿಲ್ಲ. ವಾರಾಂತ್ಯ ಊರಿಗೆ ಹೋಗಿ ಬಂದಾಗ ಒಮ್ಮೆ ಬ್ಯಾಟರಿ ಡೌನ್ ಆಗಿತ್ತು, ಇನ್ನೊಮ್ಮೆ ಮದುವೆಗೆ ಹೋಗಿ ಬಂದಾಗ. ಎರಡು ಸಲವೂ ಶೋರೂಮಿನಿಂದ ಜನ ಬಂದು ಅದೇ ಪ್ರಶ್ನೆ ಕೇಳಿ ಜಂಪ್ ಮಾಡಿ ಹೋದರು. ಆ ಪ್ರಶ್ನೆ ಮನೆಯಲ್ಲಿ ಎಷ್ಟು ಕೆಲಸ ಮಾಡಿತ್ತೆಂದರೆ, ಅತ್ತೆ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಪೋರ್ಟಿಕೋಗೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿ ದೀಪ ಆರಿದೆಯೇ ಎಂದು ನೋಡಿ ಬರುತ್ತಿದ್ದರು. ಆಮೇಲೆ ಇಬ್ಬರೂ ಕಾಶಿಗೆ ಹೋಗಿ ಬಂದರು. ಕಾರು ಮತ್ತೆ ಮಲಗಿತ್ತು. ಈ ಸಲ ಸರ್ವೀಸ್ ಸೆಂಟರಿನವರು ಬ್ಯಾಟರಿ ಬದಲಿಸಿ, ದುಡ್ಡು ನಿಮ್ಮದೇ ಎಂದರು. ಮಾವ ಒಪ್ಪಲಿಲ್ಲ, ಪರಿಚಯದ ಬ್ಯಾಟರಿ ಅಂಗಡಿಯವನನ್ನು ಕರೆಸಿದರು.

ಅವನು ಮೊದಲು ಮೀಟರ್ ಹಿಡಿದ. 9.8. ಬ್ಯಾಟರಿ ಬಿಚ್ಚಿ ಅಂಗಡಿಗೆ ಒಯ್ದು ರಾತ್ರಿಯಿಡೀ ನಿಧಾನ ಚಾರ್ಜಿಗೆ ಹಾಕಿ ಮರುದಿನ ತಂದು ಕೂರಿಸಿದ. ಅಲ್ಲಿಗೆ ಅವನ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಅವನು ಬಾನೆಟ್ ಎತ್ತಿ, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ. ಬಾನೆಟ್ ತೆರೆದೇ ಇದ್ದರೂ ಮುಚ್ಚಿದೆ ಎಂದು ಕಾರು ತಿಳಿಯಬೇಕು, ಅದಕ್ಕೆ.

"ಕೀ ಜೇಬಲ್ಲಿದ್ರೆ ಮನೆ ಒಳಗಿಟ್ಟು ಬನ್ನಿ ಮೇಷ್ಟ್ರೇ. ಹತ್ರ ಇದ್ರೆ ಗಾಡಿ ಮಲಗಲ್ಲ."

"ಮಲಗೋಕೆ ಎಷ್ಟು ಹೊತ್ತು ಬೇಕಪ್ಪ?"

"ಕಂಪ್ಯೂಟರ್‌ಗಳು ಒಂದೊಂದೇ ಆಫ್ ಆಗ್ತವೆ ಸಾರ್. ಅರ್ಧ ಗಂಟೆ ಅಂತಿಟ್ಕೊಳ್ಳಿ. ಬಾಗಿಲು ಮಾತ್ರ ಯಾರೂ ಮುಟ್ಬೇಡಿ."

ಅತ್ತೆ ಕಾಫಿ ತಂದರು. ಬ್ಯಾಟರಿಯ ನೆಗೆಟಿವ್ ಕೇಬಲ್ ಸುತ್ತ ಅವನು ಕ್ಲಾಂಪ್ ಮೀಟರಿನ ಕೊಕ್ಕು ಕಚ್ಚಿಸಿದ್ದ. ಮೊದಲು ನಾಲ್ಕು ಆಂಪಿಯರ್ ಹತ್ತಿರ ಇತ್ತು. ಸ್ವಲ್ಪ ಹೊತ್ತಿಗೆ ಒಂದಕ್ಕೆ ಇಳಿಯಿತು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು 0.28ಕ್ಕೆ ಬಂದು ನಿಂತಿತು. ಮತ್ತೆ ಇಳಿಯಲೇ ಇಲ್ಲ. ಅಂಥ ಕಾರಿಗೆ ಅದು 0.03ರ ಆಸುಪಾಸಿಗೆ ಬರಬೇಕಿತ್ತು ಎಂದ. ಮಾವ ಅಲ್ಲೇ ಬಿದ್ದಿದ್ದ ಮದುವೆ ಪತ್ರಿಕೆಯ ಹಿಂಬದಿಗೆ ಗುಣಿಸಿದರು: ದಿನಕ್ಕೆ 6.7. ಎರಡು ದಿನಕ್ಕೆ 13.4. ಮದುವೆಗೆ ಹೋಗಿ ಬಂದದ್ದು ಎರಡು ದಿನ ಬಿಟ್ಟು.

ಫ್ಯೂಸ್ ಪೆಟ್ಟಿಗೆ ತೆರೆದವನು ಒಂದನ್ನೂ ಕೀಳಲಿಲ್ಲ. ಕಿತ್ತು ಮತ್ತೆ ಹಾಕಿದರೆ ಕಾರು ಎಚ್ಚರಗೊಂಡು ಮೊದಲಿಂದ ಕಾಯಬೇಕಾಗುತ್ತದೆ. ಪ್ರತಿ ಫ್ಯೂಸಿನ ತಲೆಯ ಮೇಲಿರುವ ಎರಡು ಸಣ್ಣ ಲೋಹದ ಚುಕ್ಕಿಗಳಿಗೆ ಮೀಟರಿನ ಮೊನೆ ಮುಟ್ಟಿಸುತ್ತ ಹೋದ. ಕರೆಂಟ್ ಹರಿಯುವ ಫ್ಯೂಸಿನಲ್ಲಿ ಮಾತ್ರ ಒಂದೆರಡು ಮಿಲಿವೋಲ್ಟ್ ಕಾಣುತ್ತದೆ. ಒಂದು ಕಡೆ ಮೀಟರ್ ಮಾತಾಡಿತು. ಆ ಫ್ಯೂಸಿಗೆ ಇನ್ನೊಂದು ತಂತಿ ಕಟ್ಟಿಕೊಂಡಿತ್ತು. ಹಿಡಿದುಕೊಂಡು ಹೋದರೆ ಅದು ಸೇರಿದ್ದು ಮುಂಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮಿಗೆ. ಕಾರು ಆಫ್ ಆದಾಗ ಆಫ್ ಆಗುವ ಫ್ಯೂಸಿಗೆ ಕೊಡಬೇಕಿದ್ದ ತಂತಿಯನ್ನು ಸದಾ ಕರೆಂಟಿರುವ ಫ್ಯೂಸಿಗೆ ಕೊಟ್ಟಿದ್ದರು. ತಂತಿ ಬಿಡಿಸಿದ. ಮೀಟರ್ 0.02.

ಆ ಡ್ಯಾಶ್‌ಕ್ಯಾಮ್ ಹಾಕಿಕೊಟ್ಟವರು ಅದೇ ಶೋರೂಮಿನವರು. ಬಿಲ್ಲಿನಲ್ಲಿ ಇತ್ತು. ಮಾವ ಬಹಳ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ಅತ್ತೆಯ ಕಡೆ ತಿರುಗಿ, "ನೀನಿನ್ನು ಟಾರ್ಚ್ ಹಿಡ್ಕೊಂಡು ಹೋಗ್ಬೇಡ" ಎಂದರು.

ನಿಂತ ಕಾರಿನ ಮುಂದೆ

ಗಾಬರಿಯಾಗುವ ಮೊದಲು, ಸತ್ತಿರುವುದು ಕಾರಿನ ಬ್ಯಾಟರಿಯೋ ಕೀ ಒಳಗಿನ ಬಿಲ್ಲೆ ಬ್ಯಾಟರಿಯೋ ನೋಡಿ. ಬಾಗಿಲು ತೆಗೆದಾಗ ಒಳದೀಪ ಚೆನ್ನಾಗಿ ಉರಿದು, ಕೀ ಸಿಗುತ್ತಿಲ್ಲ ಎಂದು ಸ್ಕ್ರೀನ್ ಹೇಳಿದರೆ ಬಿಲ್ಲೆಯೇ ಹೋಗಿದೆ. ಬಹಳ ಕಾರುಗಳಲ್ಲಿ ಕೀಯನ್ನು ಸ್ಟಾರ್ಟ್ ಗುಂಡಿಗೇ ತಾಗಿಸಿ ಒತ್ತಿದರೆ ಗಾಡಿ ಶುರುವಾಗುತ್ತದೆ. ಒಳದೀಪವೂ ಇಲ್ಲದಿದ್ದರೆ ದೊಡ್ಡ ಬ್ಯಾಟರಿಯದ್ದೇ ಸಮಸ್ಯೆ. ರಿಮೋಟ್ ಒಳಗೆ ಒಂದು ಲೋಹದ ಕೀ ಅಡಗಿರುತ್ತದೆ, ಚಾಲಕನ ಬಾಗಿಲಿಗೆ ಅದರ ತೂತು ಇರುತ್ತದೆ, ಕೆಲವು ಕಾರುಗಳಲ್ಲಿ ಹಿಡಿಯ ಮುಚ್ಚಳದ ಕೆಳಗೆ. ಇದನ್ನು ಕಾರು ಸರಿ ಇದ್ದಾಗಲೇ ಒಮ್ಮೆ ತೆಗೆದು ಹಾಕಿ ಕಲಿತಿರಬೇಕು.

ನಾಲ್ಕು ಜನ ಸೇರಿ ತಳ್ಳುವ ಅಭ್ಯಾಸ ಬಿಡುವುದು ಒಳ್ಳೆಯದು. ಆಟೊಮ್ಯಾಟಿಕ್ ಗೇರಿನ ಕಾರು ತಳ್ಳಿದರೆ ಶುರುವಾಗುವುದಿಲ್ಲ. ಮ್ಯಾನುಯಲ್ ಆದರೂ ಇಮೊಬಿಲೈಸರಿಗೆ, ಫ್ಯೂಯಲ್ ಪಂಪಿಗೆ ಒಂದಷ್ಟು ಕರೆಂಟ್ ಬೇಕೇ ಬೇಕು. ವಿದ್ಯುತ್ ಹ್ಯಾಂಡ್‌ಬ್ರೇಕ್ ಇರುವ ಕಾರು ಬ್ಯಾಟರಿ ಸತ್ತರೆ ಅಲುಗುವುದೂ ಇಲ್ಲ. ಅಂಥದ್ದು ಎರಡನೇ ಬೇಸ್‌ಮೆಂಟಿನಲ್ಲಿ ನಿಂತರೆ ಸೂರು ತಗ್ಗಾಗಿರುವುದರಿಂದ ಟೋಯಿಂಗ್ ಲಾರಿಯೂ ಒಳಗೆ ಬರಲಾರದು. ಅಲ್ಲೇ ಕೇಬಲ್ ಹಾಕುವುದೊಂದೇ ದಾರಿ.

ಕೇಬಲ್ ಹಾಕುವುದಕ್ಕೆ ಒಂದು ಕ್ರಮ ಇದೆ. ಕೆಂಪು ಕೇಬಲಿನ ಒಂದು ತುದಿ ಸತ್ತ ಬ್ಯಾಟರಿಯ ಪಾಸಿಟಿವಿಗೆ, ಇನ್ನೊಂದು ತುದಿ ನೆರವಿಗೆ ಬಂದ ಕಾರಿನ ಪಾಸಿಟಿವಿಗೆ. ಕಪ್ಪು ಕೇಬಲ್ ಮೊದಲು ನೆರವಿನ ಕಾರಿನ ನೆಗೆಟಿವಿಗೆ. ಅದರ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕಬೇಡಿ. ಬ್ಯಾಟರಿಯಿಂದ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೋ ಕಂಪನಿಯೇ ಗುರುತು ಮಾಡಿದ ಅರ್ಥ್ ಬೋಲ್ಟಿಗೋ ಕಚ್ಚಿಸಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಬೀಳುವ ಜಲಜನಕ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದರೂ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗೆ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚಿದ ಘಟನೆಗಳಿವೆ. ಬಿಚ್ಚುವಾಗ ತಿರುಗುಮುರುಗು. ಕೆಂಪು ಕಪ್ಪು ಅದಲುಬದಲಾದರೆ ಫ್ಯೂಸ್ ಹೋಗುವುದು ಅದೃಷ್ಟ, ಎಂಜಿನ್ ಕಂಪ್ಯೂಟರ್ ಹೋಗುವುದು ದುರದೃಷ್ಟ.

ಕೆಲವು ಹಳೆಯ ಮೆಕ್ಯಾನಿಕ್‌ಗಳಿಗೆ ಒಂದು ಅಭ್ಯಾಸವಿದೆ: ಗಾಡಿ ಚಾಲೂ ಇರುವಾಗಲೇ ಬ್ಯಾಟರಿಯ ಟರ್ಮಿನಲ್ ಎತ್ತಿ, ಎಂಜಿನ್ ನಿಲ್ಲದಿದ್ದರೆ ಡೈನಮೊ ಸರಿ ಇದೆ ಎನ್ನುವುದು. ಅಂಬಾಸಿಡರ್ ಕಾಲಕ್ಕೆ ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಹಾಗೆ ಎತ್ತಿದ ಕ್ಷಣ ವೋಲ್ಟೇಜ್ ಜಿಗಿದು ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ಕೈ ಮುಗಿದಾದರೂ ತಡೆಯಿರಿ. ಮೀಟರ್ ಹಿಡಿದರೆ ಅದೇ ಉತ್ತರ ಸಿಗುತ್ತದೆ.

ಗಾಡಿ ಶುರುವಾದ ಮೇಲೆ ಅರ್ಧ ಗಂಟೆ ಓಡಿಸಿದರೆ ಸಾಕೆನ್ನುವ ಮಾತು ಅರ್ಧ ಸತ್ಯವೂ ಅಲ್ಲ. ಪೂರ್ತಿ ಬರಿದಾದ ಸೀಸದ ಬ್ಯಾಟರಿ ವಿದ್ಯುತ್ತನ್ನು ನಿಧಾನವಾಗಿಯೇ ತೆಗೆದುಕೊಳ್ಳುತ್ತದೆ, ಕೊನೆಯ ಐದನೇ ಒಂದು ಭಾಗಕ್ಕಂತೂ ಗಂಟೆಗಟ್ಟಲೆ ಬೇಕು. ಚಾರ್ಜರಿಗೆ ಹಾಕಿ ಒಂದು ರಾತ್ರಿ ಬಿಡುವುದೇ ಸರಿ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಕಾರುಗಳಲ್ಲಿ ಬ್ಯಾಟರಿಯ ಜಾತಿಯೇ ಬೇರೆ, ಇಎಫ್‌ಬಿ ಅಥವಾ ಎಜಿಎಂ. ಅದಕ್ಕೆ ಹೊಂದುವ ಚಾರ್ಜರ್ ಬೇಕು, ಬದಲಿಸಿದರೆ ಅದೇ ಜಾತಿಯದ್ದು ಹಾಕಬೇಕು.

ಎಲೆಕ್ಟ್ರಿಕ್ ಕಾರಿಗೆ ಈ ತಲೆನೋವಿಲ್ಲ ಎಂದುಕೊಂಡವರಿಗೂ ಒಂದು ಮಾತು. ಅದರಲ್ಲೂ ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿ ಇರುತ್ತದೆ. ನೆಲದಡಿಯ ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಸ್ವಿಚ್ಚು ಆ ಚಿಕ್ಕದರ ಬಲದಿಂದಲೇ ಮುಚ್ಚಬೇಕು. ಚಿಕ್ಕದು ಸತ್ತರೆ ದೊಡ್ಡದು ಪೂರ್ತಿ ತುಂಬಿದ್ದರೂ ಕಾರು ಏಳುವುದಿಲ್ಲ.

ಬಹಳ ದಿನ ಊರಿಗೆ ಹೋಗುವವರು ಕಾರನ್ನು ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿ ಎಂದು ವಾಚ್‌ಮನ್‌ಗೆ ಹೇಳಿ ಹೋಗುತ್ತಾರೆ. ಅದರಿಂದ ಉಪಯೋಗ ಕಡಿಮೆ. ನಂಬಿಕಸ್ತರು ಯಾರಾದರೂ ವಾರಕ್ಕೊಮ್ಮೆ ರಿಂಗ್ ರೋಡಿನಲ್ಲಿ ಮುಕ್ಕಾಲು ಗಂಟೆ ಓಡಿಸಿ ಬಂದರೆ ಬ್ಯಾಟರಿಗೂ ಟೈರಿಗೂ ಒಳ್ಳೆಯದು. ಹತ್ತಿರ ಪ್ಲಗ್ ಇದ್ದರೆ ತಾನೇ ನೋಡಿಕೊಂಡು ತುಂಬಿಸುವ ಟ್ರಿಕಲ್ ಚಾರ್ಜರ್ ಸಿಕ್ಕಿಸಿ ಹೋಗಬಹುದು. ಎರಡೂ ಆಗದಿದ್ದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು, ಲೋಹದ ಕೀಯಿಂದ ಬೀಗ ಹಾಕಿ ಹೋಗಿ. ಅಲಾರಂ ಕೆಲಸ ಮಾಡುವುದಿಲ್ಲ, ಬಂದ ಮೇಲೆ ಗಡಿಯಾರ ಹೊಂದಿಸಬೇಕು, ಕಿಟಕಿಗಳಿಗೆ ಒಮ್ಮೆ ಮೇಲೆ-ಕೆಳಗೆ ಹೇಳಿಕೊಡಬೇಕು. ಅಷ್ಟೇ.

ಬರೆಸಿಕೊಳ್ಳಬೇಕಾದ ಅಂಕಿ

ಡೆಲಿವರಿಯ ದಿನ ಶೋರೂಮಿನಲ್ಲಿ ಕಾರಿಗೆ ರೇಷ್ಮೆ ಬಟ್ಟೆ ಹೊದಿಸಿರುತ್ತಾರೆ, ಥರ್ಮಾಕೋಲಿನ ದೊಡ್ಡ ಕೀ ಕೈಗೆ ಕೊಟ್ಟು ಫೋಟೊ ತೆಗೆಯುತ್ತಾರೆ, ಕೇಕು ಕತ್ತರಿಸಿಯೂ ಆಗುತ್ತದೆ. ಆ ಗಡಿಬಿಡಿಯಲ್ಲಿ ಪಿಡಿಐ ಎಂಬ ಡೆಲಿವರಿ ಪೂರ್ವ ತಪಾಸಣೆಯ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಬ್ಯಾಟರಿಯ ಸಾಲಿನ ಮುಂದೆ ಒಂದು ಟಿಕ್ ಗುರುತು ಇರುತ್ತದೆ. ಟಿಕ್ ಬೇಡ, ಅಂಕಿ ಬರೆಯಿರಿ ಎಂದು ಕೇಳಿ: ಬೆಳಿಗ್ಗೆ ಕಾರು ಮುಟ್ಟುವ ಮೊದಲು ಅಳೆದ ವೋಲ್ಟೇಜ್ ಎಷ್ಟು, ಟೆಸ್ಟರ್ ತೋರಿಸಿದ ಸ್ಟಾರ್ಟಿಂಗ್ ಸಾಮರ್ಥ್ಯ ಎಷ್ಟು, ಲೇಬಲ್ ಮೇಲೆ ಬರೆದದ್ದು ಎಷ್ಟು. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ ಮರುದಿನ ಕೊಡಲಿ. ಬ್ಯಾಟರಿಯ ಮೈಮೇಲೆ ಅದರ ತಯಾರಿಕೆಯ ತಿಂಗಳ ಗುರುತಿರುತ್ತದೆ, ಆರ್‌ಸಿಯಲ್ಲಿ ಕಾರಿನ ತಯಾರಿಕೆಯ ತಿಂಗಳಿರುತ್ತದೆ. ಎರಡನ್ನೂ ಖರೀದಿಯ ತಿಂಗಳ ಪಕ್ಕ ಇಟ್ಟು ನೋಡಿದರೆ ನಿಮ್ಮ ಕಾರು ಎಷ್ಟು ಕಾಲ ಬಿಸಿಲಲ್ಲಿ ನಿಂತಿತ್ತು ಎಂಬುದು ತಿಳಿಯುತ್ತದೆ.

ಮುಹೂರ್ತ ಮೀರುತ್ತದೆ ಎಂಬ ಆತಂಕ ನನಗೂ ಅರ್ಥವಾಗುತ್ತದೆ. ಅದಕ್ಕೇ ಹಿಂದಿನ ದಿನವೇ ಹೋಗಿ ಕೇಳುವುದು ವಾಸಿ.

ಆಮೇಲೂ ಬ್ಯಾಟರಿ ಕೈಕೊಟ್ಟರೆ, ಮೊದಲ ಸಲವೇ ಜಾಬ್ ಕಾರ್ಡ್ ಮಾಡಿಸಿ. ಮನೆಗೆ ಬಂದು ಜಂಪ್ ಮಾಡಿ ಹೋದದ್ದೂ ದಾಖಲಾಗಬೇಕು. ಅದರಲ್ಲಿ ಮೂರು ಅಂಕಿ ಬೇಕು: ಬ್ಯಾಟರಿಯ ವೋಲ್ಟೇಜ್, ಪೂರ್ತಿ ಚಾರ್ಜ್ ಆದ ಮೇಲಿನ ಲೋಡ್ ಟೆಸ್ಟ್ ಫಲಿತಾಂಶ, ಕಾರು ಮಲಗಿದ ಮೇಲೆ ಎಳೆಯುವ ಮಿಲಿಆಂಪಿಯರ್. ಮೂರನೆಯದನ್ನು ಯಾರೂ ತಾವಾಗಿ ಅಳೆಯುವುದಿಲ್ಲ, ಅದಕ್ಕೆ ಸಮಯ ಹಿಡಿಯುತ್ತದೆ. ಒತ್ತಾಯಿಸಬೇಕು. "ಬ್ಯಾಟರಿ ಕೆಟ್ಟಿಲ್ಲ, ಬರೀ ಇಳಿದಿದೆ, ವಾರಂಟಿಗೆ ಬರುವುದಿಲ್ಲ" ಎನ್ನುವುದು ಸಾಮಾನ್ಯ ಉತ್ತರ. ಇಳಿಸಿದ್ದು ಯಾವುದು ಎಂಬ ಪ್ರಶ್ನೆಗೆ ಆಗ ಅವರೇ ಉತ್ತರಿಸಬೇಕಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ದೋಷ, ಸೇವೆಯ ಕೊರತೆ ಎರಡಕ್ಕೂ ಜಾಗವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೈಯಲ್ಲಿ ಅಂಕಿಗಳಿರುವ ಕಾಗದ ಇದ್ದರೆ ಅಲ್ಲಿಯ ತನಕ ಹೋಗುವ ಪ್ರಮೇಯ ಹೆಚ್ಚಾಗಿ ಬರುವುದಿಲ್ಲ.

ಮಾವ ಹೋಗಬೇಕಾಗಲಿಲ್ಲ. ಬ್ಯಾಟರಿ ಅಂಗಡಿಯ ಟೆಸ್ಟರಿನಿಂದ ಹೊರಬಂದ ಸಣ್ಣ ಚೀಟಿ, ಡ್ಯಾಶ್‌ಕ್ಯಾಮಿನ ಬಿಲ್ಲು, ಮದುವೆ ಪತ್ರಿಕೆಯ ಹಿಂದಿನ ಲೆಕ್ಕ ಮೂರನ್ನೂ ಶೋರೂಮಿನ ಮ್ಯಾನೇಜರ್ ಮೇಜಿನ ಮೇಲಿಟ್ಟರು. ಮೂರು ಸಲ ಪೂರ್ತಿ ಬರಿದಾಗಿದ್ದ ಬ್ಯಾಟರಿಯ ಸ್ಟಾರ್ಟಿಂಗ್ ಸಾಮರ್ಥ್ಯ ಲೇಬಲ್ಲಿಗಿಂತ ಬಹಳ ಕೆಳಗೆ ಬಿದ್ದಿತ್ತು. ವೈರಿಂಗ್ ಸರಿಪಡಿಸಿ, ಹೊಸ ಬ್ಯಾಟರಿಯನ್ನು ಅವರ ಖರ್ಚಿನಲ್ಲೇ ಹಾಕಿಕೊಟ್ಟರು. ಹೀಗೆ ಬದಲಿಸಿದ ಬ್ಯಾಟರಿಗೆ ವಾರಂಟಿ ಸಾಮಾನ್ಯವಾಗಿ ಮೊದಲಿಂದ ಎಣಿಕೆಯಾಗುವುದಿಲ್ಲ, ಹಳೆಯದರಲ್ಲಿ ಉಳಿದಿದ್ದ ಅವಧಿಯಷ್ಟೇ ಸಿಗುತ್ತದೆ. ಆ ಅವಧಿ ಮುಗಿಯುವ ದಿನಾಂಕವನ್ನು ವಾರಂಟಿ ಕಾರ್ಡಿನಲ್ಲಿ ಸೀಲು ಹಾಕಿಸಿ ಬರೆಸಿಕೊಂಡೇ ಮಾವ ಮನೆಗೆ ಬಂದರು.